ಯಲ್ಲಕ್ಕನ ಹುಲ್ಲಿಗೆ ನೀರು ಹೆಚ್ಚಾದದ್ದು

ಪಿತೃಪಕ್ಷದ ಹೊತ್ತಿಗೇ ಯಲ್ಲಕ್ಕನ ಅಂಗಳದ ಹುಲ್ಲು ಹಳದಿ ತಿರುಗತೊಡಗಿತು. ಯಲ್ಲಕ್ಕ ನೀರು ಬಿಟ್ಟಳು. ಹುಲ್ಲು ಇನ್ನಷ್ಟು ಹಳದಿಯಾಯಿತು. ಯಲ್ಲಕ್ಕ ಇನ್ನಷ್ಟು ನೀರು ಬಿಟ್ಟಳು. ಸೋತೆ ಅನ್ನುವ ಜಾತಿಯ ಹೆಂಗಸಲ್ಲ ಅವಳು. ಬಸರೀಕಟ್ಟೆಯಿಂದ ಮೇಲಕ್ಕೆ ಜೀಪು ಹತ್ತುವ ದಾರಿಯಲ್ಲಿ ಯಾರನ್ನು ಬೇಕಾದರೂ ಕೇಳಿ. ಗಂಡ ತೀರಿಕೊಂಡಾಗ ಮಗ ಇನ್ನೂ ತೊಟ್ಟಿಲು ಬಿಟ್ಟಿರಲಿಲ್ಲ. ಅವನನ್ನು ಬೆನ್ನಿಗೆ ಕಟ್ಟಿಕೊಂಡೇ ಎಸ್ಟೇಟಿನಲ್ಲಿ ಕಾಫಿ ಕುಯ್ದು ಸಾಕಿದವಳು. ಅಂಥವಳ ಎದುರು ಒಂದು ಹುಲ್ಲು ಹಟ ಹಿಡಿದು ಕೂತರೆ ಅವಳು ಬಿಟ್ಟಾಳೆಯೇ?

ಕೂಲಿಗೆ ಹೋಗುವವರ ಮನೆ ಮುಂದೆ ಬಂಗಲೆಯವರ ಹಾಗೆ ಲಾನ್ ಎಂತಕ್ಕೆ ಎಂದು ನೀವು ಕೇಳಬಹುದು. ಊರವರೂ ಕೇಳಿದರು, ಕೇಳಿ ನಕ್ಕರು. ಆದರೆ ಅದು ಚಂದಕ್ಕೆ ಬೆಳೆಸಿದ ಹುಲ್ಲಲ್ಲ.

ಯಲ್ಲಕ್ಕನ ಮಗ ಸುಂದರೇಶ್ ಮರಗಸಿ ಮಾಡುವವನು. ಕಾಫಿ ಗಿಡದ ಮೇಲೆ ಬಿಸಿಲು ಬೀಳಲೆಂದು ನೆರಳಿನ ಮರ ಹತ್ತಿ ಕೊಂಬೆ ಸವರುವ ಕೆಲಸ. ಮಳೆ ಹಿಡಿಯುವ ಮುಂಚೆ ಒಂದು ದಿನ ಸಿಲ್ವರ್ ಮರದಿಂದ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡ. ಆಸ್ಪತ್ರೆಯಲ್ಲಿ ಒಳಗೆ ರಾಡ್ ಹಾಕಿದರು. ವಾಕರ್ ಹಿಡಿದು ಒಳಗೆ ಓಡಾಡುವಷ್ಟಾದ ಮೇಲೆ, ವ್ಯಾಯಾಮ ಹೇಳಿಕೊಡುವ ಮೇಡಂ ಖಡಾಖಂಡಿತವಾಗಿ ಹೇಳಿ ಕಳಿಸಿದ್ದರು. ಮಳೆ ನಿಂತ ಮೇಲೆ ಹೊರಗೆ ಸಮನೆಲದಲ್ಲಿ, ಜಾರದ ಕಡೆ ದಿನವೂ ನಡೆಯಬೇಕು. ಹೆದರಿ ಕೂತರೆ ಕಾಲಿನ ಬಲ ಕಮ್ಮಿಯಾಗುತ್ತಲೇ ಹೋಗುತ್ತದೆ, ಆಮೇಲೆ ತರುವುದು ಕಷ್ಟ.

ಜಾರದ ಕಡೆ ಅಂದರೆ ಎಲ್ಲಿ? ನಮ್ಮ ಕಡೆಯ ಅಂಗಳ ನಿಮಗೆ ಗೊತ್ತಿದ್ದದ್ದೇ. ಮಳೆಗಾಲ ಕಳೆಯುವ ಹೊತ್ತಿಗೆ ಪಾಚಿಯ ಹಾವಸೆ ಕಟ್ಟಿ, ಗಟ್ಟಿ ಕಾಲಿನವರೂ ಅಡಿಕೆ ಸೋಗೆ ಹಾಸಿಕೊಂಡು ಹೆಜ್ಜೆ ಇಡಬೇಕು. ಅದಕ್ಕೇ ಯಲ್ಲಕ್ಕನ ಸೊಸೆ ಮಲ್ಲಿಕಾ ಒಂದು ಉಪಾಯ ಮಾಡಿದಳು. ಎಸ್ಟೇಟ್ ಬಂಗಲೆಯಲ್ಲಿ ಲಾನಿನ ಅಂಚು ಕತ್ತರಿಸಿ ರಾಶಿ ಹಾಕಿದ್ದರು. ಕೇಳಿಕೊಂಡು, ಬೇರು ಸಮೇತ ಚೀಲಕ್ಕೆ ತುಂಬಿಸಿಕೊಂಡು ತಲೆ ಮೇಲೆ ಹೊತ್ತು ತಂದಳು. ಆಷಾಢದ ಜಡಿಮಳೆಯಲ್ಲಿ ಅತ್ತೆ ಸೊಸೆ ಇಬ್ಬರೂ ಅಂಗಳದ ಹಾವಸೆ ಕೆರೆದು, ಸಸಿ ನೆಟ್ಟ ಹಾಗೆ ಸಾಲು ಹಿಡಿದು ನೆಟ್ಟರು. ಗಣೇಶ ಚೌತಿಯ ಹೊತ್ತಿಗೆ ಮಣ್ಣು ಕಾಣದ ಹಾಗೆ ಹುಲ್ಲು ಹಬ್ಬಿತು. ಸುಂದರೇಶ್ ಜಗಲಿಯಲ್ಲಿ ಕೂತು ಅದನ್ನೇ ನೋಡುತ್ತಿದ್ದ. ಮಳೆ ನಿಲ್ಲುವುದೊಂದೇ ಬಾಕಿ ಎಂದು ಮೂವರೂ ಕಾದರು.

ಮಳೆ ನಿಂತಿತು. ಯಲ್ಲಕ್ಕನ ಆರೈಕೆ ಶುರುವಾಯಿತು.

ಅವರ ಮನೆಗೆ ಬರುವುದು ಅಬ್ಬಿ ನೀರು. ಗುಡ್ಡದ ಮೇಲಿನ ಒರತೆಗೆ ಕರಿ ಪೈಪು ಇಟ್ಟರೆ ನೀರು ತಾನಾಗಿ ಇಳಿದು ಮನೆ ಬಾಗಿಲಿಗೆ ಬರುತ್ತದೆ. ಕರೆಂಟು ಬೇಡ, ಮೋಟಾರು ಬೇಡ, ಬಿಲ್ಲಂತೂ ಇಲ್ಲವೇ ಇಲ್ಲ. ಆದರೆ ಅದಕ್ಕೆ ನಲ್ಲಿ ಹಾಕುವ ಹಾಗಿಲ್ಲ. ತುದಿ ಬಂದ್ ಮಾಡಿದರೆ ಒತ್ತಡ ಹೆಚ್ಚಾಗಿ ಗುಡ್ಡದಲ್ಲಿ ಎಲ್ಲೋ ಒಂದು ಜಾಯಿಂಟು ಕಳಚಿಕೊಳ್ಳುತ್ತದೆ. ಹಾಗಾಗಿ ಹಗಲೂ ರಾತ್ರಿ ಅದು ಹರಿಯುತ್ತಲೇ ಇರುತ್ತದೆ. ಪಾತ್ರೆಗೆ, ಬಚ್ಚಲಿಗೆ ಬೇಕಾದಾಗ ಹಿಡಿದುಕೊಂಡು, ಉಳಿದ ಹೊತ್ತು ನೀರು ಹರಿದುಹೋಗುವ ತೋಡಿಗೆ ಬಿಡುವುದು ಅಲ್ಲಿಯ ರೂಢಿ. ಯಲ್ಲಕ್ಕ ಯೋಚನೆ ಮಾಡಿದಳು. ತೋಡಿಗೆ ಹೋಗಿ ಹಾಳಾಗುವ ನೀರು ಹುಲ್ಲಿಗೇ ಹೋಗಲಿ. ಪೈಪಿನ ತುದಿ ತಂದು ಅಂಗಳದಲ್ಲಿ ಇಟ್ಟಳು. ಬೆಳಿಗ್ಗೆ ತುಳಸಿಕಟ್ಟೆ ಹತ್ತಿರ, ಮಧ್ಯಾಹ್ನ ಬೇಲಿ ಬುಡದಲ್ಲಿ, ಸಂಜೆ ಮೆಟ್ಟಿಲ ಮುಂದೆ. ಮಗುವಿನ ಮಗ್ಗುಲು ಬದಲಿಸಿದ ಹಾಗೆ ಪೈಪಿನ ಜಾಗ ಬದಲಿಸುತ್ತಿದ್ದಳು. ರಾತ್ರಿಯಿಡೀ ಅದು ಅಂಗಳದಲ್ಲೇ ಹರಿಯುತ್ತಿತ್ತು.

ಇಷ್ಟಕ್ಕೇ ನಿಲ್ಲಿಸಿದಳೇ? ತೋಟದ ಮರಕ್ಕೆ ಮಾಡುವ ಉಪಚಾರವನ್ನೆಲ್ಲ ಹುಲ್ಲಿಗೂ ಮಾಡಿದಳು. ಕೊಟ್ಟಿಗೆಯ ಹಸಿ ಸಗಣಿ ಕದಡಿ ಎರಚಿದಳು. ಹಲಸಿನ ಮರದಿಂದ ಉದುರಿದ ಎಲೆ ಗುಡಿಸುವ ಬದಲು, ತಂಪಾಗಿರಲಿ ಎಂದು ಹುಲ್ಲಿನ ಮೇಲೇ ಹರಡಿದಳು. ಮಲ್ಲಿಕಾ ಒಂದೆರಡು ಸಲ ಮೆಲ್ಲಗೆ, ಬಂಗಲೆಯಲ್ಲಿ ಇಷ್ಟು ನೀರು ಬಿಡುವುದು ಕಂಡಿಲ್ಲ ಅತ್ತೆ ಎಂದಳು. ಬಂಗಲೆಯವರಿಗೆ ಹುಲ್ಲು ಶೋಕಿಗೆ, ನಮಗೆ ನಮ್ಮ ಹುಡುಗನ ಕಾಲಿಗೆ ಎಂದು ಯಲ್ಲಕ್ಕ ಬಾಯಿ ಮುಚ್ಚಿಸಿದಳು. ಕೆಳಗಿನ ಮನೆಯ ಧರ್ಮಪ್ಪ, ಬಿಸಿಲು ಬಿದ್ದು ಸುಟ್ಟಿರಬೇಕು, ಇನ್ನೊಂದಿಷ್ಟು ಬಿಡಿ ಎಂದು ದಾರಿಯಲ್ಲಿ ನಿಂತೇ ಸಲಹೆ ಕೊಟ್ಟು ಹೋದ. ಕೇಳಬೇಕಾದ ಮಾತು ಬಿಟ್ಟು ಬೇಡದ ಮಾತು ಕೇಳುವುದು ಮನುಷ್ಯರ ಗುಣ. ಯಲ್ಲಕ್ಕ ಧರ್ಮಪ್ಪನ ಮಾತು ಹಿಡಿದುಕೊಂಡಳು.

ಒಂದು ಬೆಳಿಗ್ಗೆ ಸುಂದರೇಶ್ ತಾನಾಗಿಯೇ ಎದ್ದು ವಾಕರ್ ಹಿಡಿದು ಮೆಟ್ಟಿಲಿಳಿದ. ಯಾರನ್ನೂ ಕರೆಯಲಿಲ್ಲ. ನಡೆದು ತೋರಿಸಬೇಕೆಂಬ ಆಸೆ ಇರಬೇಕು. ಹುಲ್ಲಿನ ಮೇಲೆ ಹೆಜ್ಜೆ ಇಟ್ಟದ್ದೇ ವಾಕರಿನ ಒಂದು ಕಾಲು ಗೇಣುದ್ದ ಕೆಸರಿಗೆ ಹೂತುಹೋಯಿತು. ಹಲಸಿನ ಎಲೆ ಕಾಲಡಿ ಜಾರಿತು. ಯಲ್ಲಕ್ಕ ಒಲೆ ಮುಂದಿನಿಂದ ಓಡಿ ಬರುವಷ್ಟರಲ್ಲಿ ಅವನು ಮಗ್ಗುಲಾಗಿ ಬಿದ್ದಿದ್ದ.

ದೇವರು ದೊಡ್ಡವನು, ಮೂಳೆಗೆ ಏನೂ ಆಗಲಿಲ್ಲ. ಜೀಪು ಮಾಡಿಕೊಂಡು ಆಸ್ಪತ್ರೆಗೆ ಹೋಗಿ ಮೂಳೆಯ ಫೋಟೋ ತೆಗೆಸಿಕೊಂಡು ಬಂದರು. ಆದರೆ ಒಳಗೆ ಏನೋ ಮುರಿದಿತ್ತು. ಅಂದು ಸಂಜೆ ಅವನು ಗೋಡೆ ಕಡೆ ಮುಖ ಮಾಡಿ ಮಲಗಿ, "ಅಮ್ಮ, ನಂಗೆ ಅಂಗಳ ಗಿಂಗಳ ಎಂತದೂ ಬೇಡ. ಈ ಜಗಲಿ ಸಾಕು ನಂಗೆ" ಎಂದ.

ಮರದ ತುದಿಯಲ್ಲಿ ನಿಂತು ಹಾಡು ಹೇಳುತ್ತಿದ್ದ ಮಗನ ಬಾಯಲ್ಲಿ ಈ ಮಾತು. ಯಲ್ಲಕ್ಕ ಬಚ್ಚಲಿಗೆ ಹೋಗಿ ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ಅತ್ತು ಮುಗಿಸಿ ಹೊರಗೆ ಬಂದಾಗ ಅವಳಿಗೆ ಹುಲ್ಲಿನ ಮೇಲೆ ಎಲ್ಲಿಲ್ಲದ ಸಿಟ್ಟು. ಇಷ್ಟು ಮಾಡಿದ್ದಕ್ಕೆ ಇದಾ ನೀನು ಕೊಟ್ಟದ್ದು ಎಂದು ಗುದ್ದಲಿ ಹುಡುಕತೊಡಗಿದಳು. ಇಡೀ ಅಂಗಳ ಅಗೆಸಿ ಸಿಮೆಂಟು ಬಳಿಸುತ್ತೇನೆ ಎಂದು ಕೂಗಾಡಿದಳು. ಮಲ್ಲಿಕಾ ಗುದ್ದಲಿಯನ್ನು ಸೌದೆ ರಾಶಿಯ ಹಿಂದೆ ಅಡಗಿಸಿಟ್ಟು, ಚೇತನಾಗೆ ಫೋನು ಮಾಡಿದಳು.

ಚೇತನಾ ಪಂಚಾಯಿತಿಯ ಕೃಷಿ ಸಖಿ. ಮಣ್ಣು, ಗೊಬ್ಬರ, ಗಿಡದ ರೋಗ ಎಂದು ತರಬೇತಿ ಪಡೆದು ಹೆಂಗಸರ ಸಂಘಗಳಿಗೆ ತಿಳಿಸಿಕೊಡುವವಳು. ಮಲ್ಲಿಕಾಳ ಸಂಘಕ್ಕೂ ಅವಳೇ ಬರುವುದು. ಮರುದಿನ ಸ್ಕೂಟಿಯನ್ನು ಧರ್ಮಪ್ಪನ ಮನೆ ಹತ್ತಿರ ನಿಲ್ಲಿಸಿ ಏರು ಹತ್ತಿ ಬಂದಳು. ಬಂದವಳು ಮಾತಿಗೆ ಕೂರಲಿಲ್ಲ. ಅಂಗಳದ ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕೂತು ಒಂದು ಹಿಡಿ ಹುಲ್ಲು ಹಿಡಿದು ಎಳೆದಳು. ಸುಮ್ಮನೆ ಕೈಗೆ ಬಂತು. ಬೇರು ಬೆರಳಿನ ಅರ್ಧದಷ್ಟೂ ಇರಲಿಲ್ಲ, ಕಂದು ಬಣ್ಣಕ್ಕೆ ತಿರುಗಿತ್ತು. ಅದನ್ನು ಯಲ್ಲಕ್ಕನ ಮೂಗಿನ ಹತ್ತಿರ ಹಿಡಿದಳು. ಕೊಳೆತ ವಾಸನೆ ಹೊಡೆಯಿತು.

"ಯಲ್ಲಕ್ಕ, ಈ ಹುಲ್ಲು ಒಣಗ್ತಾ ಇಲ್ಲ. ಮುಳುಗಿ ಸಾಯ್ತಾ ಉಂಟು" ಎಂದಳು.

ಯಲ್ಲಕ್ಕನಿಗೆ ಕೆನ್ನೆಗೆ ಹೊಡೆದ ಹಾಗಾಯಿತು. ನೀರು ಕುಡಿದು ಯಾವ ಗಿಡ ಸತ್ತದ್ದುಂಟು ಎಂದು ವಾದಕ್ಕೆ ನಿಂತಳು. ಆಷಾಢದಲ್ಲಿ ಮುಗಿಲು ಹರಿದ ಹಾಗೆ ಮಳೆ ಹೊಡೆದಾಗ ಸಾಯದ ಹುಲ್ಲು ಈಗ ಎರಡು ಕೊಡ ನೀರಿಗೆ ಸಾಯುತ್ತದೆಯೇ?

ಚೇತನಾ ಸಿಟ್ಟು ಮಾಡಿಕೊಳ್ಳಲಿಲ್ಲ. ಮಳೆ ಬಿದ್ದ ನೀರು ಇಳಿಜಾರು ಹಿಡಿದು ಹೋಗುತ್ತಿತ್ತು, ನಡುವೆ ಮಳೆ ಬಿಟ್ಟು ಹೊಳವೂ ಆಗುತ್ತಿತ್ತು. ಹುಲ್ಲಿಗೂ ಆಗ ಬೆಳೆಯುವ ಜೋರು. ಈಗ ಹಾಗಲ್ಲ. ಬಿಸಿಲು ಓರೆಯಾಗಿದೆ, ರಾತ್ರಿ ತಂಪು, ಬೆಳಗಿನ ಜಾವ ಇಬ್ಬನಿ ಬೇರೆ. ಹುಲ್ಲಿನ ಬೆಳವಣಿಗೆ ನಿಧಾನವಾಗಿದೆ, ಅದಕ್ಕೆ ಬಾಯಾರಿಕೆಯೂ ಕಮ್ಮಿ. ಇಂಥ ಹೊತ್ತಲ್ಲಿ ಹಗಲೂ ರಾತ್ರಿ ಒಂದೇ ಕಡೆ ಜಿನುಗಿದರೆ ಮಣ್ಣು ಕೆಸರಾಗುತ್ತದೆ, ಬೇರಿಗೆ ಗಾಳಿ ಸಿಗುವುದಿಲ್ಲ. ಮೇಲೇ ನೀರು ಸಿಗುವುದರಿಂದ ಬೇರು ಕೆಳಗೆ ಇಳಿಯುವುದೂ ಇಲ್ಲ. ರಾತ್ರಿಯಿಡೀ ಒದ್ದೆಯಾದ ಹುಲ್ಲಿಗೆ ಬೂಸಲು ರೋಗ ಹಿಡಿಯುತ್ತದೆ. ಎಲೆಯ ಹೊದಿಕೆ ಅಡಿಕೆ ಮರದ ಬುಡಕ್ಕೆ ಒಳ್ಳೆಯದು, ಹುಲ್ಲಿಗಲ್ಲ. ಹುಲ್ಲಿಗೆ ಬಿಸಿಲು ತಾಗಬೇಕು. ಹಸಿ ಸಗಣಿಯೂ ಬೇಡ, ಹುಲ್ಲು ಸುಟ್ಟುಹೋಗುತ್ತದೆ.

ಎಲ್ಲ ಕೇಳಿ ಯಲ್ಲಕ್ಕ ತನ್ನ ದೊಡ್ಡ ಅಸ್ತ್ರ ತೆಗೆದಳು. "ಆಯ್ತು ಮಾರಾಯ್ತಿ, ನಿಲ್ಸು ಅಂತೀಯ. ಹೆಂಗೆ ನಿಲ್ಸದು? ತುದಿ ಮುಚ್ಚಿದ್ರೆ ಮೇಲೆ ಜಾಯಿಂಟು ಕಳಚ್ತದೆ. ಗುಡ್ಡ ಹತ್ತಿ ಸಿಕ್ಕಿಸ್ತಿದ್ದವ ನೋಡು, ಅಲ್ಲಿ ಮಲಗಿದಾನೆ."

ಒಳಗೆ ಮಲಗಿದ್ದ ಸುಂದರೇಶನಿಗೂ ಅದು ಕೇಳಿಸಿತ್ತು.

ಚೇತನಾ ಪೈಪು ಬಂದ ದಾರಿ ನೋಡಿದಳು. ನಿಲ್ಲಿಸುವುದೇ ಬೇಡ ಎಂದಳು. ಅಂಗಳಕ್ಕೆ ಬರುವ ಮೊದಲೇ ಒಂದು ಟೀ ಜಾಯಿಂಟು ಹಾಕಿ ಪೈಪನ್ನು ಎರಡು ಕವಲು ಮಾಡುವುದು. ಒಂದು ಕವಲು ಯಾವಾಗಲೂ ತೆರೆದೇ ಇರಲಿ, ಅದು ಧರ್ಮಪ್ಪನ ಕೊಟ್ಟಿಗೆಯ ತೊಟ್ಟಿಗೆ ಹೋಗಿ, ಅಲ್ಲಿಂದ ತೋಡಿಗೆ ಬೀಳಲಿ. ಹುಲ್ಲಿನ ಕಡೆಯ ಕವಲಿಗೆ ಮಾತ್ರ ವಾಲ್ವ್. ಬೇಕಾದಾಗ ತೆರೆ, ಬೇಡವಾದಾಗ ಮುಚ್ಚು, ನೀರಿಗೆ ಹೋಗಲು ದಾರಿ ಇದ್ದೇ ಇರುವುದರಿಂದ ಜಾಯಿಂಟಿಗೆ ಒತ್ತಡವಿಲ್ಲ. ಹುಲ್ಲಿನ ಕಡೆಯ ಪೈಪಿಗೆ ತೂತಿನ ತುದಿ ಸಿಕ್ಕಿಸಿದರೆ ನೀರು ಮಳೆಯ ಹಾಗೆ ಬೀಳುತ್ತದೆ. ತನ್ನ ದನಗಳಿಗೆ ಮನೆ ಬಾಗಿಲಿಗೇ ನೀರು ಬರುತ್ತದೆ ಎಂದು ಕೇಳಿದ ಧರ್ಮಪ್ಪ, ಬಿಸಿಲಿಗೆ ಸುಟ್ಟದ್ದೆಂದು ಹೇಳಿದ್ದನ್ನು ಪೂರ್ತಿ ಮರೆತು, ಅಂದೇ ಕೊಪ್ಪಕ್ಕೆ ಹೋಗಿ ಟೀ, ವಾಲ್ವ್ ತರುತ್ತೇನೆಂದ.

ಇನ್ನೊಂದು ಕೆಲಸವಿತ್ತು. ಕೆಸರಾಗಿ ಒತ್ತಿ ಅಂಟಿಕೊಂಡ ಮಣ್ಣಿಗೆ ಕಬ್ಬಿಣದ ಸರಳಿನಿಂದ ಅಲ್ಲಲ್ಲಿ ತೂತು ಚುಚ್ಚಿ, ಗಾಳಿ ಆಡುವ ಹಾಗೆ ಮಾಡಬೇಕು ಎಂದಳು ಚೇತನಾ. ಯಲ್ಲಕ್ಕ ಎರಡೂ ಕೈ ಅಡ್ಡ ಹಿಡಿದಳು. ಭೂಮಿ ಹುಣ್ಣಿಮೆ ಬಾಗಿಲಲ್ಲಿತ್ತು. ಆ ದಿನಗಳಲ್ಲಿ ಭೂಮಿತಾಯಿ ಬಸುರಿ. ಬಸುರಿಗೆ ಬಯಕೆಯ ಅಡಿಗೆ ಮಾಡಿ ಬಡಿಸುತ್ತಾರೆಯೇ ಹೊರತು ಮೈಗೆ ಕಬ್ಬಿಣ ತಾಗಿಸುತ್ತಾರೆಯೇ? ಜೀವ ಹೋದರೂ ತಾನು ಬಿಡುವುದಿಲ್ಲ ಎಂದಳು. ನಿನ್ನೆ ಇದೇ ಅಂಗಳ ಅಗೆಯಲು ಗುದ್ದಲಿ ಹುಡುಕಿದ್ದನ್ನು ಮಲ್ಲಿಕಾ ನೆನಪು ಮಾಡಲಿಲ್ಲ. ಒಳ್ಳೆಯ ಸೊಸೆ.

ಚೇತನಾ ಕೈಗೆತ್ತಿಕೊಂಡಿದ್ದ ಸರಳು ಕೆಳಗಿಟ್ಟಳು. ಅವಳೂ ಇದೇ ಸೀಮೆಯ ಹುಡುಗಿ, ಅವಳ ಮನೆಯಲ್ಲೂ ಹುಣ್ಣಿಮೆಗೆ ಬಯಕೆಯ ಅಡಿಗೆಯನ್ನು ಗದ್ದೆಗೆ ಚರಗ ಚೆಲ್ಲುತ್ತಾರೆ. ಮೆಲ್ಲಗೆ ಕೇಳಿದಳು.

"ಹಬ್ಬ ಕಳೀಲಿ ಯಲ್ಲಕ್ಕ, ಆಮೇಲೇ ಚುಚ್ಚುವ. ಆದ್ರೆ ನೀವೇ ಹೇಳಿ. ಮನೇಲಿ ಬಸುರಿ ಇದ್ರೆ, ಮಲಗಿದಾಗ್ಲೂ ಬಿಡದೆ ಬಾಯಿಗೆ ನೀರು ಸುರೀತೀರಾ? ಅವಳು ಉಸಿರಾಡದು ಬೇಡವಾ?"

ಯಲ್ಲಕ್ಕನಿಗೆ ನೆನಪಾಯಿತು. ಕೇರಿಯ ಹೆಣ್ಣುಮಕ್ಕಳು ಬಸುರಿಯಾಗಿದ್ದಾಗ ತಾನೇ ಅವರಿಗೆ ಹೊತ್ತು ನೋಡಿ, ಹಸಿವು ಕೇಳಿ ಬಡಿಸಿದ್ದಳು. ಸಾಕು ಅಂದರೆ ಒತ್ತಾಯ ಮಾಡಿರಲಿಲ್ಲ. ಹುಲ್ಲನ್ನು ಒಂದು ದಿನವಾದರೂ ಕೇಳಿದ್ದೆನೇ ಎಂದು ಅವಳಿಗೇ ಅನ್ನಿಸಿತು. ಅದು ಹಳದಿಯಾಗಿ ಬೇಡ ಬೇಡ ಎನ್ನುತ್ತಿತ್ತು, ತಾನು ತಗೋ ತಗೋ ಎನ್ನುತ್ತಿದ್ದಳು. ಕೊನೆಗೆ "ಹಂಗಾರೆ ಅದನ್ನ ಕೇಳದು ಹೆಂಗೆ?" ಎಂದಳು.

ಚೇತನಾ ಅವಳ ಕೈ ಹಿಡಿದು ತೋರುಬೆರಳನ್ನು ಮಣ್ಣಿಗೆ ಊರಿಸಿದಳು. ಬೆರಳಿನ ಎರಡು ಗಂಟು ಒಳಗೆ ಹೋಗಲಿ. ಅಲ್ಲಿ ತಂಪು, ಪಸೆ ಇದ್ದರೆ ಇವತ್ತು ನೀರು ಬೇಡ. ಅಲ್ಲೂ ಒಣಗಿದ್ದರೆ ಬೇಕು. ಇನ್ನೊಂದು, ಹುಲ್ಲನ್ನು ತುಳಿದು ನೋಡಿ. ತುಳಿದದ್ದು ಮತ್ತೆ ಎದ್ದು ನಿಂತರೆ ಚೆನ್ನಾಗಿದೆ, ಹೆಜ್ಜೆಯ ಗುರುತು ಹಾಗೇ ಉಳಿದರೆ ಬಾಯಾರಿದೆ. ಕೊಡುವಾಗ ಬೆಳಿಗ್ಗೆ, ಬಿಸಿಲು ಏರುವ ಮೊದಲು, ಬೇರಿನ ಆಳಕ್ಕೆ ಇಳಿಯುವಷ್ಟು ಕೊಡಿ. ಕೊಟ್ಟ ಮೇಲೆ ಮತ್ತೆ ಬೆರಳು ಒಣಗಿದೆ ಅನ್ನುವ ತನಕ ಬಿಟ್ಟುಬಿಡಿ. ಈ ಕಾಲದಲ್ಲಿ ವಾರಕ್ಕೆ ಒಂದು ಸಲ, ಬಿಸಿಲು ಜಾಸ್ತಿ ಇದ್ದರೆ ಇನ್ನೊಂದು ಸಲ ಸಾಕಾಗುತ್ತದೆ. ಗುಡುಗಿನ ಮಳೆ ಬಂದರೆ ಅದೂ ಬೇಡ.

ಅಂದೇ ಪೈಪು ತಿರುಗಿತು. ಹಲಸಿನ ಎಲೆ ಗುಡಿಸಿ ಗೊಬ್ಬರದ ಗುಂಡಿಗೆ ಹಾಕಿದರು.

ಈಗ ಶುರುವಾದದ್ದು ಯಲ್ಲಕ್ಕನ ನಿಜವಾದ ಪರೀಕ್ಷೆ. ನೀರು ಬಿಡುವುದಕ್ಕಿಂತ ಬಿಡದೆ ಇರುವುದು ಕಷ್ಟ ಎಂದು ಅವಳಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಬೆಳಿಗ್ಗೆ ಎದ್ದರೆ ಕೈ ವಾಲ್ವಿನ ಕಡೆ ಹೋಗುತ್ತಿತ್ತು. ಹೋದ ಕೈಯನ್ನು ತಾನೇ ಬೈದು ವಾಪಸು ಕರೆದು, ಬೆರಳು ಊರಿ ನೋಡುತ್ತಿದ್ದಳು. ಪಸೆ. ಮರುದಿನವೂ ಪಸೆ. ಹುಲ್ಲು ಇನ್ನೂ ಹಳದಿಯೇ. ಆ ಹುಡುಗಿಯ ಮಾತು ಕೇಳಿ ಕೆಟ್ಟೆನೇನೋ ಎಂದು ಒಂದು ಸಂಜೆ ವಾಲ್ವ್ ಹಿಡಿದು ನಿಂತೇಬಿಟ್ಟಿದ್ದಳು. ಮಲ್ಲಿಕಾ ನೋಡಿದಳು, ಆದರೆ ತಡೆಯಲಿಲ್ಲ. ಯಲ್ಲಕ್ಕ ತಾನಾಗಿಯೇ ಕೈ ಬಿಟ್ಟು, ಹಿಡಿದ ಹಟ ಹಿಡಿದದ್ದೇ, ಕೊಡುವುದಿಲ್ಲ ಅಂದರೆ ಕೊಡುವುದಿಲ್ಲ ಎಂದು ಒಳಗೆ ಹೋದಳು.

ಹುಣ್ಣಿಮೆ ಬಂತು. ಭೂಮಿತಾಯಿಗೆ ಬಡಿಸಿದರು. ಹಬ್ಬ ಕಳೆದ ಮೇಲೆ ಚೇತನಾ, ಮಲ್ಲಿಕಾ, ಯಲ್ಲಕ್ಕ ಮೂವರೂ ಸೇರಿ ಅಂಗಳದ ತುಂಬ ಸರಳಿನಿಂದ ತೂತು ಚುಚ್ಚಿದರು. ಚುಚ್ಚುವ ಮೊದಲು ಯಲ್ಲಕ್ಕ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಚೆನ್ನಾಗಿ ಕಳಿತ ಗೊಬ್ಬರವನ್ನು ಜರಡಿ ಹಿಡಿದು, ಮರಳು ಬೆರೆಸಿ, ಹುಲ್ಲು ಮುಚ್ಚದ ಹಾಗೆ ತೆಳ್ಳಗೆ ಉದುರಿಸಿ, ತೂತುಗಳಿಗೆ ಇಳಿಯಲೆಂದು ಪೊರಕೆಯಲ್ಲಿ ಆಡಿಸಿದರು. ಹುಲ್ಲು ಉದ್ದವಾದಾಗ ಕತ್ತರಿಸುವುದೂ ಬೋಳಿಸಿದ ಹಾಗೆ ಬೇಡ ಎಂದಳು ಚೇತನಾ. ಇಬ್ಬನಿ ಆರಿದ ಮೇಲೆ, ಹರಿತವಾದ ಕತ್ತಿಯಲ್ಲಿ ತುದಿ ಮಾತ್ರ ಸವರಿ. ಚಳಿ ಬರುವ ಮುಂಚೆ ಎಲೆ ಇದ್ದರೆ ತಾನೇ ಬೇರಿಗೆ ಊಟ.

ದೀಪಾವಳಿ ಹತ್ತಿರ ಬಂದಾಗ ಹಳದಿಯ ಬುಡದಲ್ಲಿ ಹೊಸ ಚಿಗುರು ಕಂಡಿತು. ಮೊದಲು ಕಂಡದ್ದು ಯಲ್ಲಕ್ಕನಿಗೇ, ಬೆರಳು ಊರಲು ಬಗ್ಗಿದಾಗ. ಎಳೆದು ನೋಡಿದಳು. ಬರಲಿಲ್ಲ, ಹುಲ್ಲು ನೆಲ ಕಚ್ಚಿ ಹಿಡಿದಿತ್ತು. ಆಮೇಲೆ ದಿನದಿಂದ ದಿನಕ್ಕೆ ಹಸಿರು ಅಂಗಳ ತುಂಬಿತು. ನೆಲ ಗಟ್ಟಿಯಾಯಿತು. ಧರ್ಮಪ್ಪನ ದನ ಒಂದು ದಿನ ನುಗ್ಗಿ ಓಡಾಡಿದರೂ ಗೊರಸು ಹೂಳಲಿಲ್ಲ. ಆ ದನಕ್ಕೆ ಯಲ್ಲಕ್ಕ ಅಟ್ಟಿಸಿಕೊಂಡು ಹೋಗಿ ಬೈದದ್ದು ಬೇರೆ ಮಾತು.

ಎಲ್ಲ ಸರಿಯಾಯಿತು, ಸುಂದರೇಶ್ ಮಾತ್ರ ಜಗಲಿ ಬಿಡಲಿಲ್ಲ. ಚೆನ್ನಾಗಿದೆ ಅಮ್ಮ ಎನ್ನುತ್ತಿದ್ದ, ಮೆಟ್ಟಿಲ ತನಕ ಬಂದು ನಿಲ್ಲುತ್ತಿದ್ದ, ತಿರುಗಿ ಹೋಗುತ್ತಿದ್ದ. ಮುರಿದ ಮೂಳೆ ಕೂಡಿತ್ತು, ಧೈರ್ಯ ಕೂಡಿರಲಿಲ್ಲ. ಮಲ್ಲಿಕಾ ಕರೆದಳು, ಚೇತನಾ ಹೇಳಿದಳು, ಯಾವುದೂ ನಡೆಯಲಿಲ್ಲ.

ಒಂದು ಬೆಳಿಗ್ಗೆ, ಇಬ್ಬನಿ ಆರಿದ ಮೇಲೆ, ಯಲ್ಲಕ್ಕ ಅವನ ಎದುರಿಗೇ ಬರಿಗಾಲಲ್ಲಿ ಅಂಗಳಕ್ಕಿಳಿದಳು. ಮೆಟ್ಟಿಲಿಂದ ಬೇಲಿಯ ತನಕ ನಡೆದು ಹೋದಳು, ವಾಪಸು ನಡೆದು ಬಂದಳು. ಜಗಲಿಯ ಅಂಚಿನಲ್ಲಿ ಕೂತು ಎರಡೂ ಪಾದ ಎತ್ತಿ ಮಗನಿಗೆ ತೋರಿಸಿದಳು. ಬಿರುಕು ಬಿಟ್ಟ, ಕಾಫಿ ತೋಟ ಸುತ್ತಿ ಸವೆದ ಪಾದ. ಒಂದು ಚೂರು ಕೆಸರಿರಲಿಲ್ಲ.

"ಅವತ್ತು ನಿನ್ನ ಬೀಳ್ಸಿದ್ದು ಹುಲ್ಲಲ್ಲ ಮಗಾ, ನಾನು" ಎಂದಳು. "ಗೊತ್ತಿಲ್ದೆ ಮಾಡ್ದೆ. ಈಗ ಗೊತ್ತುಂಟು. ಬಾ."

ಸುಂದರೇಶ್ ತುಂಬ ಹೊತ್ತು ಅವಳ ಪಾದವನ್ನೇ ನೋಡಿದ. ಆಮೇಲೆ ವಾಕರ್ ಎಳೆದುಕೊಂಡು ಮೆಟ್ಟಿಲಿಳಿದ. ವಾಕರಿನ ಕಾಲು ಹುಲ್ಲಿನ ಮೇಲೆ ಗಟ್ಟಿಯಾಗಿ ನಿಂತಿತು. ಅವನು ಅದನ್ನು ಒತ್ತಿ ನೋಡಿದ, ಇನ್ನೊಮ್ಮೆ ಒತ್ತಿ ನೋಡಿದ. ಬಲಗಾಲಿಟ್ಟ. ರಾಡ್ ಹಾಕಿದ ಎಡಗಾಲಿಟ್ಟ. ಯಲ್ಲಕ್ಕ ಪಕ್ಕದಲ್ಲೇ ನಡೆದಳು, ಆದರೆ ಕೈ ಹಿಡಿಯಲಿಲ್ಲ. ಹಿಡಿಯಬೇಕೆಂದು ಜೀವ ಹೊಡೆದುಕೊಳ್ಳುತ್ತಿತ್ತು, ಆದರೂ ಹಿಡಿಯಲಿಲ್ಲ. ಬೇಲಿ ಮುಟ್ಟಿದ ಮೇಲೆ ಅವನು ತಿರುಗಿ ಮನೆಯ ಕಡೆ ನೋಡಿದ. ಎಷ್ಟೋ ತಿಂಗಳಾಗಿತ್ತು ಅವನು ತನ್ನ ಮನೆಯನ್ನು ಹೊರಗಿಂದ ನೋಡಿ. ಜಗಲಿಯಲ್ಲಿ ಮಲ್ಲಿಕಾ ಕೆಲಸಕ್ಕೆ ಹೊರಟವಳು ಬುತ್ತಿ ಹಿಡಿದುಕೊಂಡೇ ನಿಂತು ಅಳುತ್ತಿದ್ದಳು.

ಈಗ ಅವನು ದಿನವೂ ನಡೆಯುತ್ತಾನೆ. ಒಂದು ಕೋಲು ಸಾಕು. ಯಲ್ಲಕ್ಕ ಸಂಘದ ಸಭೆಯಲ್ಲಿ ಎಲ್ಲರ ಬೆರಳು ಹಿಡಿದು ಮಣ್ಣಿಗೆ ಊರಿಸುತ್ತಾಳೆ. ಬೇಡ ಅಂದರೂ ಬಿಡುವುದಿಲ್ಲ.

ಕೊಪ್ಪವಿರಲಿ, ಶೃಂಗೇರಿಯಿರಲಿ, ನರಸಿಂಹರಾಜಪುರವಿರಲಿ, ಮನೆ ಮುಂದೆ ಒಂದಿಷ್ಟು ಹುಲ್ಲು ಬೆಳೆಸಿಕೊಂಡ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮಲ್ಲೊಂದು ಮಾತು. ಮಳೆ ನಿಂತಿತೆಂದು ಗಾಬರಿ ಬೀಳಬೇಡಿ. ಅಬ್ಬಿ ನೀರು ಪುಕ್ಕಟೆ ಬರುತ್ತದೆಂದು ಹುಲ್ಲಿನ ಮೇಲೆ ಬಿಟ್ಟು ಮಲಗಬೇಡಿ. ಬಿದ್ದ ಎಲೆ ಅಂದಂದೇ ಗುಡಿಸಿ, ಕಳಿತ ಗೊಬ್ಬರ ತೆಳ್ಳಗೆ ಹಾಕಿ, ಸಂಜೆ ನೀರು ಹಾಕುವುದನ್ನು ಬಿಡಿ. ನಿಮ್ಮ ಮನೆಯಲ್ಲೂ ಆ ಹುಲ್ಲಿನ ಮೇಲೆ ಆಡುವ ಮಗುವಿದೆ, ಕೋಲೂರಿ ನಡೆಯುವ ಅಜ್ಜಿ ಇದ್ದಾಳೆ. ಅವರ ಕಾಲು ಜಾರಬಾರದು. ನಾಳೆ ಬೆಳಿಗ್ಗೆ ಪೈಪು ಹಿಡಿಯುವ ಮುಂಚೆ ಒಮ್ಮೆ ಬಗ್ಗಿ, ಮಣ್ಣಿಗೆ ಬೆರಳು ಊರಿ, ಅದನ್ನೇ ಕೇಳಿ.